ಮೆದುಳು ಬೆಳೆಸುವ ಪುಡಿ ಡಬ್ಬಿಯಲ್ಲಿ ಸಿಗುತ್ತಾ? ಏಳೂವರೆ ತಿಂಗಳಿಗೆ ಹುಟ್ಟಿದ ಮಗನ ಬಗ್ಗೆ ಕೇಳಬೇಕಿತ್ತು

ಕಿನ್ನಾಳದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಏಳೂವರೆ ತಿಂಗಳಿಗೇ ಹುಟ್ಟಿದವನು. ಹುಟ್ಟಿದಾಗ ತೂಕ 1 ಕೆಜಿ 600 ಗ್ರಾಂ. 19 ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಈಗ ಓಡಾಡುತ್ತಾನೆ. ಹಾಲಲ್ಲಿ ರೊಟ್ಟಿ ನೆನೆಸಿ ಕೊಟ್ಟರೆ ತಿನ್ನುತ್ತಾನೆ. ನಮ್ಮೂರ ಕಟ್ಟಿಗೆ ಗೊಂಬೆ ಹಿಡಿದುಕೊಂಡು ಎಷ್ಟೋ ಹೊತ್ತು ಕೂರುತ್ತಾನೆ. ಆದರೆ "ಅವ್ವ" ಅನ್ನೋದು ಬಿಟ್ಟರೆ ಮಾತಿಲ್ಲ. ಆಟದಲ್ಲಿ ಮುಳುಗಿದಾಗ ಹಿಂದಿನಿಂದ ಕರೆದರೆ ತಿರುಗುವುದೂ ಇಲ್ಲ. ರಾತ್ರಿ ಮೂರ್ನಾಲ್ಕು ಸಲ ಎದ್ದು ಅಳುತ್ತಾನೆ. ಸಿಟ್ಟು ಬಂದರೆ ತಲೆ ನೆಲಕ್ಕೆ ಕುಟ್ಟಿಕೊಳ್ಳುತ್ತಾನೆ.

ಕಳೆದ ವಾರ ಒಂದು ಅಂಗಡಿಯಲ್ಲಿ 1,850 ರೂಪಾಯಿಯ ಪುಡಿ ಡಬ್ಬಿ ಕೊಟ್ಟರು. ಮೆದುಳಿನಲ್ಲಿ ಬಿಡಿಎನ್‌ಎಫ್ ಎಂಬ ಬೆಳವಣಿಗೆ ಅಂಶವನ್ನು ಹೆಚ್ಚಿಸುತ್ತದೆ ಅಂತ ಮೇಲೆ ಬರೆದಿದೆ. ಆರು ತಿಂಗಳು ಬಿಡದೆ ಕೊಡಬೇಕಂತೆ. ನಮ್ಮ ಮನೆಯವರು ದಿನಗೂಲಿ. ಆದರೂ ಮಗನಿಗೆ ಒಳ್ಳೆಯದಾಗುವುದಾದರೆ ಹೇಗಾದರೂ ಹೊಂದಿಸುತ್ತೇನೆ. ಈ ಬಿಡಿಎನ್‌ಎಫ್ ಅಂದರೆ ನಿಜಕ್ಕೂ ಏನು? ಅದು ಕಡಿಮೆ ಇರುವುದಕ್ಕೇ ಮಗ ಹೀಗೆ ಮಾಡುತ್ತಿದ್ದಾನಾ?

ರಾಯಚೂರು ಮೇಷ್ಟ್ರು

ತಂಗಿ, ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾ ಶಾಸ್ತ್ರ ಪಾಠ ಮಾಡುತ್ತೇನೆ. ಮಕ್ಕಳ ವೈದ್ಯನಲ್ಲ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಡಬ್ಬಿಗೆ ದುಡ್ಡು ಹಾಕಬೇಡಿ.

ಬಿಡಿಎನ್‌ಎಫ್ ಎಂಬುದು ಒಂದು ಪ್ರೋಟೀನು. ಬಾಯಿಂದ ಕೊಟ್ಟ ಪ್ರೋಟೀನು ಬೇಳೆ, ಮೊಟ್ಟೆಯ ಹಾಗೇ ಹೊಟ್ಟೆಯಲ್ಲಿ ಕರಗಿ ಚೂರಾಗುತ್ತದೆ. ನೇರ ರಕ್ತಕ್ಕೆ ಚುಚ್ಚಿದರೂ ಮೆದುಳಿಗೆ ಸಲೀಸಾಗಿ ದಾಟುವುದಿಲ್ಲ, ರಕ್ತಕ್ಕೂ ಮೆದುಳಿಗೂ ನಡುವೆ ಬಿಗಿಯಾದ ತಡೆ ಇದೆ. ಅದನ್ನು ಮೆದುಳು ತಾನೇ, ತನ್ನೊಳಗೇ ತಯಾರಿಸಿಕೊಳ್ಳಬೇಕು. ಪುಡಿ ಕೊಟ್ಟು ಅದನ್ನು ಹೆಚ್ಚಿಸಿ ಮಗುವಿಗೆ ಮಾತು ಬರಿಸಿದ ಪುರಾವೆ ಇಲ್ಲ.

ಈಗ ಅದು ಏನು ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನವಾಗಿ ಓದಿ.

ಇಟಲಿಯ ಟ್ಯೂರಿನ್ ಊರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಅಂತ ಒಬ್ಬ ವೈದ್ಯೆ ಇದ್ದರು. 1909ರಲ್ಲಿ ಹುಟ್ಟಿದವರು, ಯಹೂದಿ ಮನೆತನ. 1938ರಲ್ಲಿ ಮುಸೊಲಿನಿ ಸರ್ಕಾರ ಯಹೂದಿಗಳನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿತು. ಆ ಹೆಣ್ಣುಮಗಳು ತಾನು ಮಲಗುವ ಕೋಣೆಯಲ್ಲೇ ಪ್ರಯೋಗಶಾಲೆ ಮಾಡಿಕೊಂಡರು. ಹೊಲಿಗೆ ಸೂಜಿಯನ್ನು ಮಸೆದು ಶಸ್ತ್ರ ಮಾಡಿಕೊಂಡರು. ನೋಡಲು ಬೇಕಾದದ್ದು ಕೋಳಿ ಮೊಟ್ಟೆಯೊಳಗಿನ ಮರಿ. ಬಾಂಬ್ ಬೀಳಲು ಶುರುವಾದಾಗ ಹಳ್ಳಿಗೆ ಹೋದರು, ಅಲ್ಲೂ ರೈತರ ಹತ್ತಿರ ಮೊಟ್ಟೆ ಕೇಳಿ ತಂದು ಕೆಲಸ ಮುಂದುವರಿಸಿದರು.

ಮರಿಯ ಕಾಲು ಮೊಳೆಯುವ ಜಾಗವನ್ನು ಅವರು ಕತ್ತರಿಸಿ ತೆಗೆಯುತ್ತಿದ್ದರು. ಆಗ ಆ ಕಾಲಿಗೆ ಹೋಗಬೇಕಿದ್ದ ನರಕೋಶಗಳು ಹುಟ್ಟುತ್ತಿದ್ದವು, ಬೆಳೆಯಲೂ ಶುರು ಮಾಡುತ್ತಿದ್ದವು, ಆಮೇಲೆ ಸಾಯುತ್ತಿದ್ದವು. ಅಂದರೆ ಕಾಲಿನ ಕಡೆಯಿಂದ ಏನೋ ಒಂದು ಬರಬೇಕಿತ್ತು, ಅದು ಬರಲಿಲ್ಲ. ಯುದ್ಧ ಮುಗಿದ ಮೇಲೆ 1947ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ಎಂಬ ವಿಜ್ಞಾನಿ ರೀಟಾ ಅವರನ್ನು ಅಮೆರಿಕದ ಸೇಂಟ್ ಲೂಯಿಗೆ ಕರೆಸಿಕೊಂಡರು. ಆ "ಏನೋ ಒಂದು" ಯಾವುದು ಅಂತ ರೀಟಾ ಅಲ್ಲಿ ಸ್ಟ್ಯಾನ್ಲಿ ಕೊಹೆನ್ ಎಂಬ ವಿಜ್ಞಾನಿಯ ಜೊತೆ ಸೇರಿ ಹಿಡಿದರು. ಅದೇ ಎನ್‌ಜಿಎಫ್, ನರ ಬೆಳವಣಿಗೆ ಅಂಶ. ಹಾವಿನ ವಿಷದಲ್ಲಿ ಅದು ಯಥೇಚ್ಛ ಸಿಕ್ಕಿತು, ಆಮೇಲೆ ಇಲಿಯ ಜೊಲ್ಲಿನ ಗ್ರಂಥಿಯಲ್ಲಿ. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು. ರೀಟಾ 103 ವರ್ಷ ಬದುಕಿದರು. ಪ್ರತಿ ವರ್ಷ ಈ ಪಾಠ ಮಾಡುವಾಗ ಆ ಹೊಲಿಗೆ ಸೂಜಿ ನೆನಪಾಗಿ ನನಗೆ ಗಂಟಲು ಕಟ್ಟುತ್ತದೆ.

ಇದು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಲೆಕ್ಕವೇ. ನರಕೋಶಗಳು ಬೇಕಾದ್ದಕ್ಕಿಂತ ಜಾಸ್ತಿ ಹುಟ್ಟುತ್ತವೆ, ನೀರು ಇಷ್ಟೇ. ಯಾವ ಹೊಲಕ್ಕೆ ನೀರು ಮುಟ್ಟಿತೋ ಅದು ಉಳಿಯುತ್ತದೆ. ಯಾವ ನರಕೋಶ ತನ್ನ ಜಾಗ ಮುಟ್ಟಿ ಅಲ್ಲಿನ ಬೆಳವಣಿಗೆ ಅಂಶ ಪಡೆಯಿತೋ ಅದು ಬದುಕುತ್ತದೆ. ಉಳಿದವು ಹೋಗುತ್ತವೆ. ಹೀಗೆ ಹೋಗುವುದು ರೋಗವಲ್ಲ, ಎಲ್ಲ ಮಕ್ಕಳಲ್ಲೂ ಆಗುತ್ತದೆ. ಹೊಲದಲ್ಲಿ ಒತ್ತಾಗಿ ಹುಟ್ಟಿದ ಸಸಿಯನ್ನು ಕಿತ್ತು ತೆಳುವು ಮಾಡುತ್ತೇವಲ್ಲ, ಹಾಗೆ.

ಬಿಡಿಎನ್‌ಎಫ್ ಅದೇ ಕುಟುಂಬದ್ದು. 1982ರಲ್ಲಿ ಬಾರ್ಡ್ ಮತ್ತು ಥೋನೆನ್ ಅವರ ತಂಡ ಹಂದಿಯ ಮೆದುಳಿನಿಂದ ತೆಗೆದು ತೋರಿಸಿತು.

ಕಿನ್ನಾಳದ ತಾಯಿ

ಸರ್, ಮೂರು ಸಲ ಓದಿದೆ. ಡಬ್ಬಿಯ ಸೀಲ್ ಒಡೆದಿಲ್ಲ, ವಾಪಸ್ ಕೊಡಲು ನೋಡುತ್ತೇನೆ. ಆದರೆ ಒಂದು ತಿಳಿಯಲಿಲ್ಲ. ನರಕೋಶ ಉಳಿಯುವುದು ಬೇರೆ, ಮಗ ತಲೆ ಕುಟ್ಟಿಕೊಳ್ಳುವುದು ಬೇರೆ ಅಲ್ವಾ? ಈ ಅಂಶಕ್ಕೂ ಸಿಟ್ಟು, ನಿದ್ದೆಗೂ ಏನು ಸಂಬಂಧ?

ರಾಯಚೂರು ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನಮ್ಮ ಹುಡುಗರು ಕ್ಲಾಸಲ್ಲಿ ಇದನ್ನು ಕೇಳುವುದೇ ಇಲ್ಲ.

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುವುದು ರಾಸಾಯನಿಕದ ಮೂಲಕ. ಗ್ಲುಟಮೇಟ್ "ಹೊಡಿ, ಮುಂದೆ ಹೋಗು" ಅನ್ನುತ್ತದೆ. ಗಾಬಾ "ತಡಿ, ಸುಮ್ಮನಿರು" ಅನ್ನುತ್ತದೆ. ಡೋಪಮೈನ್, ಸೆರೊಟೊನಿನ್ ಹೆಸರು ನೀವು ಕೇಳಿರಬಹುದು. ಬೆಳವಣಿಗೆ ಅಂಶಗಳ ಕೆಲಸ ಕೋಶ ಉಳಿಸುವುದಕ್ಕೆ ಮುಗಿಯುವುದಿಲ್ಲ. ಈ ಸುದ್ದಿ ಸಾಗಾಟ ಎಷ್ಟು ಗಟ್ಟಿ, ಎಷ್ಟು ಮೆದು ಅಂತ ತೀರ್ಮಾನ ಮಾಡುವುದರಲ್ಲೂ ಅವುಗಳ ಕೈ ಇದೆ.

ಎರಡು ನರಕೋಶ ಮತ್ತೆ ಮತ್ತೆ ಮಾತಾಡಿಕೊಂಡಾಗ ಆ ಜಾಗದಲ್ಲಿ ಬಿಡಿಎನ್‌ಎಫ್ ಹೊರಗೆ ಬರುತ್ತದೆ. ಕೋಶದ ಮೇಲಿರುವ ಟ್ರ್ಯಾಕ್-ಬಿ ಎಂಬ ಬಾಗಿಲಿಗೆ ಅಂಟುತ್ತದೆ. ಆಗ ಆ ಕಡೆಯಿಂದ ಗ್ಲುಟಮೇಟ್ ಜಾಸ್ತಿ ಸುರಿಯುತ್ತದೆ, ಈ ಕಡೆ ಅದನ್ನು ಹಿಡಿಯುವ ಶಕ್ತಿಯೂ ಹೆಚ್ಚುತ್ತದೆ. ದಾರಿ ಗಟ್ಟಿಯಾಗುತ್ತದೆ. ಕಲಿಯುವುದು, ನೆನಪಿಡುವುದು ಅಂದರೆ ಬಹುಪಾಲು ಇದೇ. ಇನ್ನೊಂದು ಸಂಗತಿ ಇದೆ. ಬಿಡಿಎನ್‌ಎಫ್ ಮೊದಲು ಉದ್ದನೆಯ ಕಚ್ಚಾ ರೂಪದಲ್ಲಿ ತಯಾರಾಗುತ್ತದೆ. ಆ ಕಚ್ಚಾ ರೂಪ ಪಿ75 ಎಂಬ ಬೇರೆ ಬಾಗಿಲಿಗೆ ಹೋಗಿ ದಾರಿಯನ್ನು ಸಡಿಲ ಮಾಡುತ್ತದೆ. ಒಂದೇ ವಸ್ತು, ಒಂದು ರೂಪದಲ್ಲಿ ಕಟ್ಟುತ್ತದೆ, ಇನ್ನೊಂದರಲ್ಲಿ ಬಿಚ್ಚುತ್ತದೆ. ಎರಡೂ ಬೇಕು. ಆದ್ದರಿಂದ "ಹೆಚ್ಚು ಮಾಡಿದಷ್ಟೂ ಒಳ್ಳೆಯದು" ಅನ್ನುವ ಮಾತೇ ತಪ್ಪು.

ಗಾಬಾ ಕಥೆ ಇನ್ನೂ ಸೊಗಸಾಗಿದೆ. ದೊಡ್ಡವರ ಮೆದುಳಲ್ಲಿ ಗಾಬಾ ತಡೆಯುವ ರಾಸಾಯನಿಕ. ಎಳೆಯ ಮೆದುಳಲ್ಲಿ ಅದೇ ಗಾಬಾ ಎಬ್ಬಿಸುವ ಕೆಲಸ ಮಾಡುತ್ತದೆ! ಎಳೆಯ ಕೋಶದೊಳಗೆ ಕ್ಲೋರೈಡ್ ಜಾಸ್ತಿ ಇರುತ್ತದೆ, ಅದಕ್ಕೆ. ಕ್ಲೋರೈಡನ್ನು ಹೊರಗೆ ಹಾಕುವ ಪಂಪು ಬೆಳೆದ ಮೇಲೇ ಗಾಬಾ ಬ್ರೇಕ್ ಆಗುವುದು. ಎಳೆಯ ಮೆದುಳಲ್ಲಿ ಆ ಪಂಪು ಬೆಳೆಯಲು ಬಿಡಿಎನ್‌ಎಫ್ ಕೈ ಜೋಡಿಸುತ್ತದೆ ಅಂತ ಇಲಿಗಳಲ್ಲಿ ಕಂಡಿದ್ದಾರೆ. 1999ರಲ್ಲಿ ಇನ್ನೊಂದು ತೋರಿಸಿದರು. ಬಿಡಿಎನ್‌ಎಫ್ ಬೇಗ ಹೆಚ್ಚು ಬರುವಂತೆ ಮಾಡಿದ ಇಲಿಗಳಲ್ಲಿ ಗಾಬಾ ಬ್ರೇಕು ಬೇಗ ಬಲಿಯಿತು, ಜೊತೆಗೆ ಕಣ್ಣಿನ ಕಲಿಕೆಯ ಕಾಲ ಬೇಗ ಮುಗಿದೂ ಹೋಯಿತು. ಹದ ಮುಖ್ಯ, ಹೊತ್ತು ಮುಖ್ಯ.

ನಡತೆಗೆ ಬರೋಣ. ಬಿಡಿಎನ್‌ಎಫ್ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದನ್ನು ತೆಗೆದ ಇಲಿಗಳು ಜಗಳಗಂಟಿಗಳಾದವು, ತಿನ್ನುವುದೂ ಜಾಸ್ತಿಯಾಯಿತು, ಮೈ ಬಂತು. ಅವುಗಳ ಸೆರೊಟೊನಿನ್ ವ್ಯವಸ್ಥೆ ಕೆಟ್ಟಿತ್ತು. ಇದೂ 1999ರದ್ದೇ ಕೆಲಸ. ಆದರೆ ನಿಮ್ಮ ಮಗನ ಸಿಟ್ಟಿಗೆ ಇದೇ ಕಾರಣ ಅಂತ ದಯವಿಟ್ಟು ತಿಳಿಯಬೇಡಿ. ಹೇಳಲಿಕ್ಕಾಗದ ಕೂಸು ಸಿಟ್ಟು ಮಾಡುತ್ತದೆ, ಅಷ್ಟೇ ಇರಬಹುದು.

ಸಿಂಧನೂರು ಅಂಗನವಾಡಿ ಅಕ್ಕ

ಸರ್ ಹೇಳಿದ್ದು ಓದಿ ಖುಷಿಯಾಯಿತು. ನನ್ನದು ಒಂದು ಮಾತು. ನಮ್ಮ ಕಡೆ ಅಜ್ಜಿಯರು ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು, ತಿಕ್ಕಿ ತೀಡಿ ಎರೆಯುತ್ತಾರೆ. ಈಗಿನ ಸೊಸೆಯಂದಿರು ಅದನ್ನು ಬಿಡುತ್ತಿದ್ದಾರೆ. ಮುಟ್ಟುವುದರಲ್ಲೂ ಈ ಬೆಳವಣಿಗೆ ಅಂಶ ಇದೆಯಾ?

ಲಿಂಗಸುಗೂರು ನರ್ಸ್

ಅಕ್ಕಾ, ಇದಕ್ಕೆ ನಾನು ಹೇಳುತ್ತೇನೆ. ಎಳೆ ಕೂಸುಗಳ ವಾರ್ಡಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ.

ಟಿಫನಿ ಫೀಲ್ಡ್ ಅಂತ ಅಮೆರಿಕದ ವಿಜ್ಞಾನಿ 1986ರಲ್ಲಿ ತಿಂಗಳು ತುಂಬದ ಕೂಸುಗಳಿಗೆ ದಿನಕ್ಕೆ ಮೂರು ಸಲ 15 ನಿಮಿಷ ಮೈ ನೀವಿಸಿದರು. ಹತ್ತು ದಿನ. ನೀವಿಸಿಕೊಂಡ ಕೂಸುಗಳು ದಿನಕ್ಕೆ ಶೇ. 47ರಷ್ಟು ಹೆಚ್ಚು ತೂಕ ಗಳಿಸಿದವು. ಮುಂದೆ ನೋಡಿದಾಗ ಅಂಥ ಕೂಸುಗಳ ರಕ್ತದಲ್ಲಿ ಐಜಿಎಫ್-1 ಎಂಬ ಬೆಳವಣಿಗೆ ಅಂಶವೂ ಹೆಚ್ಚಿತ್ತು. ಇದಕ್ಕೂ ಮೊದಲೇ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಪೆಟ್ಟಿಗೆ ಸಾಲದೆ ಕೂಸನ್ನು ತಾಯಿಯ ಎದೆಗೇ ಕಟ್ಟಿದರು. ಅದೇ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ ಮಾಡಿದ ಅಧ್ಯಯನ 2021ರಲ್ಲಿ ಬಂತು. ಹುಟ್ಟಿದ ಕೂಡಲೇ ಎದೆಗೆ ಕಟ್ಟಿದರೆ ಸಣ್ಣ ಕೂಸುಗಳ ಸಾವು ಕಾಲು ಭಾಗ ಕಡಿಮೆಯಾಗುತ್ತದೆ ಅಂತ ತೋರಿಸಿತು. ಇದಕ್ಕೆ ಒಂದು ಸೀರೆ ಸಾಕು, ಯಂತ್ರ ಬೇಡ.

ಆದರೆ ಅಕ್ಕ, ಅಜ್ಜಿಯರ ಕೈ ಮೆತ್ತಗಿರಬೇಕು. ಕುದಿಯುವಂಥ ನೀರು ಹೊಯ್ಯುವುದು, ಕಿವಿಗೆ ಮೂಗಿಗೆ ಎಣ್ಣೆ ಬಿಡುವುದು, ಲೋಬಾನದ ಹೊಗೆ ಹಾಕುವುದು ಬೇಡ. ಹೊಗೆಯಿಂದ ಉಬ್ಬಸ ಬಂದ ಕೂಸುಗಳನ್ನು ಎತ್ತಿಕೊಂಡು ಓಡಿದ್ದೇನೆ.

ಕಿನ್ನಾಳದ ತಂಗಿಗೆ ಒಂದು ಕೇಳಬೇಕು. ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಅಂದಿರಿ. ಕಿವಿ ಪರೀಕ್ಷೆ ಆಗಿದೆಯಾ? ಬೇಗ ಹುಟ್ಟಿದ ಕೂಸುಗಳಿಗೆ ಇದು ತಪ್ಪದೇ ಆಗಬೇಕು.

ದೇವದುರ್ಗದ ಮಗಳು

ನನಗೆ ಈ ಚರ್ಚೆ ಒಂದು ಕಡೆ ನೋವು ಕೊಟ್ಟಿತು, ಹೇಳಿಬಿಡುತ್ತೇನೆ. ಮುಟ್ಟಿ, ಅಪ್ಪಿಕೊಳ್ಳಿ, ಮಾತಾಡಿಸಿ ಅನ್ನುವುದು ಸುಲಭ. ನಮ್ಮವ್ವ ನನ್ನನ್ನು ಹತ್ತಿ ಹೊಲದ ಬದುವಿನಲ್ಲಿ, ಜಾಲಿ ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸಿ ಹತ್ತಿ ಬಿಡಿಸಿದಳು. ಒಂದು ದಿನ ಬಿಟ್ಟರೆ ಒಂದು ಹೊತ್ತಿನ ರೊಟ್ಟಿ ಇಲ್ಲ. ಪ್ರತಿ ವರ್ಷ ಗುಳೆ ಹೋಗುವ ಮನೆಗಳಲ್ಲಿ ಮಕ್ಕಳನ್ನು ಎದೆಗೆ ಕಟ್ಟಿಕೊಂಡು ಕೂರುವವರು ಯಾರು? ಮಗುವಿನ ಮೆದುಳು ಬೆಳೆಯದಿದ್ದರೆ ತಾಯಿಯದೇ ತಪ್ಪು ಅಂತ ಇದು ಕೊನೆಗೆ ಬಂದು ನಿಲ್ಲುತ್ತದೆ. ಮೊದಲು ಹೆಣ್ಣು ಹೆತ್ತರೆ ತಪ್ಪು ಅಂದರು, ಈಗ ಬಿಡಿಎನ್‌ಎಫ್ ಬರದಿದ್ದರೆ ತಪ್ಪಾ?

ರಾಯಚೂರು ಮೇಷ್ಟ್ರು

ಅವ್ವಾ, ನಿಮ್ಮ ಮಾತು ಸರಿ. ನಾನು ಅದನ್ನು ಮೊದಲೇ ಹೇಳಬೇಕಿತ್ತು.

ಇದಕ್ಕೆ ವಿಜ್ಞಾನವೂ ನಿಮ್ಮ ಪರವೇ ಇದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಎಂಬ ವಿಜ್ಞಾನಿ ತಾಯಿ ಇಲಿಗಳನ್ನು ನೋಡಿದರು. ಕೆಲವು ತಾಯಂದಿರು ಮರಿಗಳನ್ನು ತುಂಬಾ ನೆಕ್ಕುತ್ತವೆ, ಕೆಲವು ಕಡಿಮೆ. ತುಂಬಾ ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಹೆದರಿಕೆಯನ್ನು ಚೆನ್ನಾಗಿ ತಾಳಿಕೊಂಡವು. 2000ದಲ್ಲಿ ಅವರ ತಂಡ ತೋರಿಸಿದ ಹಾಗೆ, ನೆನಪಿನ ಕೇಂದ್ರದಲ್ಲಿ ಅವುಗಳಿಗೆ ಬಿಡಿಎನ್‌ಎಫ್ ಹೆಚ್ಚಿತ್ತು, ದಾರಿ ಕಲಿಯುವುದರಲ್ಲೂ ಮುಂದಿದ್ದವು. ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಹೆಚ್ಚು ನೆಕ್ಕುವ ತಾಯಿಯ ಹತ್ತಿರ ಇಟ್ಟರೆ ಅದೂ ಹಾಗೇ ಬೆಳೆಯಿತು. ರಕ್ತದ ಗುಣವಲ್ಲ, ಆರೈಕೆಯ ಗುಣ. ಹೆತ್ತವಳೇ ಆಗಬೇಕಿಲ್ಲ ಅಂತಲೂ ಇದರಿಂದ ತಿಳಿಯುತ್ತದೆ. ಅಜ್ಜಿ, ಅಪ್ಪ, ಅತ್ತೆ ಯಾರ ಕೈಯಾದರೂ ಆದೀತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಚೆನ್ನಾಗಿ ನೆಕ್ಕುತ್ತಿದ್ದ ತಾಯಿ ಇಲಿಗೇ ಬಸುರಿನಲ್ಲಿ ಕಷ್ಟ ಕೊಟ್ಟು ನೋಡಿದರು. ಅವು ನೆಕ್ಕುವುದನ್ನು ಕಡಿಮೆ ಮಾಡಿದವು. ಅಂದರೆ ತಾಯಿಯ ಕೈ ಎಷ್ಟು ಆಡುತ್ತದೆ ಅನ್ನುವುದು ಅವಳ ಮೇಲೆ ಬಿದ್ದ ಹೊರೆಯ ಮೇಲೆ ನಿಂತಿದೆ. ಹೊರೆ ಇಳಿಸದೆ ತಾಯಿಗೆ ಬುದ್ಧಿ ಹೇಳುವುದು ತಪ್ಪು. ಕೂಲಿ, ಹೆರಿಗೆ ರಜೆ, ಹೊಲದ ಹತ್ತಿರ ಕೂಸು ನೋಡಿಕೊಳ್ಳುವ ಜಾಗ, ಇವೆಲ್ಲ ನನ್ನ ಲೆಕ್ಕದಲ್ಲಿ ನರವಿಜ್ಞಾನದ ವಿಷಯವೇ.

ಸಿಂಧನೂರು ಅಂಗನವಾಡಿ ಅಕ್ಕ

ದೇವದುರ್ಗದ ತಂಗಿ, ನಿನ್ನ ಮಾತಿಗೆ ಕಣ್ಣಲ್ಲಿ ನೀರು ಬಂತು. ನಾನೂ ಜೋಳಿಗೆಯಲ್ಲಿ ಬೆಳೆದವಳೇ. ಈಗ ಕೆಲವು ಪಂಚಾಯಿತಿಗಳಲ್ಲಿ ಕೂಸಿನ ಮನೆ ಶುರುವಾಗಿದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರು ಮಕ್ಕಳನ್ನು ಬಿಡಬಹುದು. ನಿಮ್ಮೂರಲ್ಲಿ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಹೆಂಗಸರೆಲ್ಲ ಒಟ್ಟಾಗಿ ಕೇಳಿ, ಬಾಯಿ ಮುಚ್ಚಿಕೊಂಡು ಕೂರಬೇಡಿ.

ಸರ್, ಬಸುರಿಯರ ಊಟದ ಬಗ್ಗೆ ಒಂದು ಮಾತು ಹೇಳಿ. 2017ರಿಂದ ಮಾತೃಪೂರ್ಣ ಊಟ ಕೊಡುತ್ತಿದ್ದೇವೆ. ಕಬ್ಬಿಣಾಂಶದ ಗುಳಿಗೆ ಕೊಟ್ಟರೆ ಎಷ್ಟೋ ಜನ ಮನೆಗೆ ಒಯ್ದು ಗೂಡಿನಲ್ಲಿ ಇಡುತ್ತಾರೆ. ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆ ಅಂತ ಯಾರೋ ಹೇಳಿರುತ್ತಾರೆ.

ರಾಯಚೂರು ಮೇಷ್ಟ್ರು

ಅದು ಸುಳ್ಳು ಅಂತ ಗಟ್ಟಿಯಾಗಿ ಹೇಳಿ. ಬಸುರಿನಲ್ಲಿ ಕಬ್ಬಿಣ ಕಡಿಮೆಯಾದ ತಾಯಿ ಇಲಿಗಳ ಮರಿಗಳಲ್ಲಿ ನೆನಪಿನ ಕೇಂದ್ರದ ಬಿಡಿಎನ್‌ಎಫ್ ಕಡಿಮೆಯಾಗಿದ್ದನ್ನು ಕಂಡಿದ್ದಾರೆ. ಅಯೋಡಿನ್ ಕೂಡ ಹಾಗೇ. ಅದಿಲ್ಲದೆ ಥೈರಾಯ್ಡ್ ಹಾರ್ಮೋನು ಇಲ್ಲ, ಥೈರಾಯ್ಡ್ ಇಲ್ಲದೆ ಹೊಟ್ಟೆಯೊಳಗಿನ ಮೆದುಳು ಸರಿಯಾಗಿ ಬೆಳೆಯುವುದಿಲ್ಲ. ಬಿಡಿ ಹರಳುಪ್ಪು ಬಿಟ್ಟು ಅಯೋಡಿನ್ ಉಪ್ಪು ಬಳಸಿ. ಗುಳಿಗೆಯನ್ನು ಚಹಾ ಜೊತೆ ನುಂಗಬಾರದು, ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಬಳ್ಳಾರಿ ಹುಡುಗ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನಗೆ 26 ವರ್ಷ. ಒಂದು ವರ್ಷದಿಂದ ಖಿನ್ನತೆಗೆ ಮಾತ್ರೆ ತಗೊಳ್ತಿದ್ದೇನೆ. ಮೆದುಳು ಬೆಳೆಯುವ ವಯಸ್ಸು ಮುಗಿದ ನಮ್ಮಂಥವರಿಗೆ ಈ ಅಂಶದಿಂದ ಏನೂ ಇಲ್ಲವಾ? ಮಾತ್ರೆ ಶುರು ಮಾಡಿದಾಗ ಮೊದಲ ಮೂರು ವಾರ ಏನೂ ಆಗಲಿಲ್ಲ, ಬಿಟ್ಟುಬಿಡಬೇಕು ಅನ್ನಿಸಿತ್ತು.

ರಾಯಚೂರು ಮೇಷ್ಟ್ರು

ಬಿಡದೇ ಇದ್ದದ್ದು ಬಹಳ ಒಳ್ಳೆಯದಾಯಿತು ತಮ್ಮಾ. ವೈದ್ಯರನ್ನು ಕೇಳದೆ ಮುಂದೆಯೂ ಬಿಡಬೇಡ.

ಮಾತ್ರೆ ಸೆರೊಟೊನಿನ್ ಅನ್ನು ಕೆಲವೇ ತಾಸುಗಳಲ್ಲಿ ಬದಲಿಸುತ್ತದೆ. ಮನಸ್ಸು ಹಗುರಾಗಲು ಮಾತ್ರ ವಾರಗಳು ಬೇಕು. ಈ ನಡುವಿನ ಕಾಲದಲ್ಲಿ ದಾರಿಗಳು ಮತ್ತೆ ಕಟ್ಟಿಕೊಳ್ಳುತ್ತಿರಬೇಕು, ಅದರಲ್ಲಿ ಬಿಡಿಎನ್‌ಎಫ್ ಪಾತ್ರ ಇದೆ ಅಂತ ಅನೇಕ ವಿಜ್ಞಾನಿಗಳ ಯೋಚನೆ. 2021ರಲ್ಲಿ ಫಿನ್‌ಲ್ಯಾಂಡಿನ ತಂಡವೊಂದು ಖಿನ್ನತೆಯ ಮಾತ್ರೆಗಳು ಟ್ರ್ಯಾಕ್-ಬಿ ಬಾಗಿಲಿಗೇ ನೇರ ಅಂಟುತ್ತವೆ ಅಂತ ತೋರಿಸಿತು. ಚರ್ಚೆ ಇನ್ನೂ ನಡೆದಿದೆ. ಬಾಗಿಲು ತೆರೆದರೆ ಸಾಲದು, ಒಳಗೆ ಹೊಸ ಅನುಭವ ಬರಬೇಕು. ಅದಕ್ಕೇ ಮಾತ್ರೆ ಜೊತೆ ಆಪ್ತ ಮಾತು, ನಡಿಗೆ, ಗೆಳೆಯರು ಬೇಕು. 1995ರಲ್ಲೇ ಚಕ್ರದಲ್ಲಿ ಓಡಿದ ಇಲಿಗಳ ಮೆದುಳಲ್ಲಿ ಬಿಡಿಎನ್‌ಎಫ್ ಹೆಚ್ಚಿದ್ದು ಕಂಡಿತ್ತು. 2011ರಲ್ಲಿ ಒಂದು ವರ್ಷ ನಡೆದ ವಯಸ್ಸಾದವರ ಮೆದುಳಿನ ನೆನಪಿನ ಕೇಂದ್ರ ಶೇ. 2ರಷ್ಟು ದೊಡ್ಡದಾದದ್ದನ್ನು ಅಳೆದರು. ನಿಮ್ಮ ಬಳ್ಳಾರಿ ಬಿಸಿಲಲ್ಲಿ ಮಧ್ಯಾಹ್ನ ಬೇಡ. ಬೆಳಗ್ಗೆ ಆರಕ್ಕೆ ಕೋಟೆ ಗುಡ್ಡದ ಕಡೆ ಹೋಗಿ ಬಾ.

ದೇವದುರ್ಗದ ಮಗಳು

ಸರ್, ಉತ್ತರಕ್ಕೆ ಧನ್ಯವಾದ. ಇನ್ನೊಂದು ಕೇಳುತ್ತೇನೆ. ಸಣ್ಣವಯಸ್ಸಲ್ಲಿ ಸಿಗದೇ ಹೋದದ್ದು ಆಮೇಲೆ ಸಿಗುವುದೇ ಇಲ್ಲವಾ?

ರಾಯಚೂರು ಮೇಷ್ಟ್ರು

ಕೆಲವಕ್ಕೆ ಹೊತ್ತು ಇದೆ. ಹ್ಯೂಬೆಲ್ ಮತ್ತು ವೀಸಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಯ ಒಂದು ಕಣ್ಣನ್ನು ಹೊಲಿದು ಮುಚ್ಚಿ ನೋಡಿದರು. ಎಳೆಯ ವಯಸ್ಸಿನಲ್ಲಿ ಮುಚ್ಚಿದ ಕಣ್ಣು, ಆಮೇಲೆ ತೆರೆದರೂ ಸರಿಯಾಗಿ ಕಾಣಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು, ಮೆದುಳು ಅದಕ್ಕೆ ದಾರಿ ಇಟ್ಟುಕೊಂಡಿರಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಎಲ್ಲಕ್ಕೂ ಹಾಗಲ್ಲ. ರುಮೇನಿಯಾದ ಅನಾಥಾಲಯಗಳ 136 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಸಾಕುಮನೆಗೆ ಹೋದ ಮಕ್ಕಳು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಹೋದವರು ಹಲವು ವಿಷಯಗಳಲ್ಲಿ ಇನ್ನೂ ಚೆನ್ನಾಗಿ. ನೀವು ಹತ್ತಿ ಹೊಲದ ಜೋಳಿಗೆಯಿಂದ ಬಂದು ಇಷ್ಟು ಸ್ಪಷ್ಟವಾಗಿ ವಾದ ಮಾಡುತ್ತಿದ್ದೀರಿ. ಸಂಜೆ ಹೊಲದಿಂದ ಬಂದ ನಿಮ್ಮವ್ವ ನಿಮ್ಮ ಜೊತೆ ಮಾತಾಡಿದ್ದಳು ಅಂತ ನನಗೆ ಖಾತ್ರಿ.

ದೇವದುರ್ಗದ ಮಗಳು

ಹಾಡು ಹೇಳುತ್ತಿದ್ದಳು ಸರ್. ರೊಟ್ಟಿ ಬಡಿಯುವಾಗ.

ಕಿನ್ನಾಳದ ತಾಯಿ

ಹನ್ನೊಂದು ದಿನ ಆಯಿತು, ಬರೆಯಲು ಆಗಿರಲಿಲ್ಲ. ಲಿಂಗಸುಗೂರಿನ ಅಕ್ಕನಿಗೆ ಮೊದಲು ಕೈ ಮುಗಿಯುತ್ತೇನೆ. ಆಶಾ ಅಕ್ಕನನ್ನು ಕೇಳಿದೆ. ಅವರು ಜಿಲ್ಲಾ ಆಸ್ಪತ್ರೆಯಲ್ಲಿ ಚಿಕ್ಕ ಮಕ್ಕಳ ಬೆಳವಣಿಗೆ ನೋಡುವ ಕೇಂದ್ರಕ್ಕೆ ಕಳಿಸಿದರು. ದುಡ್ಡು ಕೇಳಲಿಲ್ಲ. ಎರಡೂ ಕಿವಿಯಲ್ಲಿ ಪರದೆಯ ಹಿಂದೆ ನೀರು ತುಂಬಿದೆಯಂತೆ. ಸಣ್ಣ ಸದ್ದು ಅವನಿಗೆ ನೀರಿನೊಳಗಿಂದ ಕೇಳಿದ ಹಾಗೆ ಕೇಳುತ್ತಿರಬಹುದು ಅಂದರು. ರಾತ್ರಿ ಅಳುವುದಕ್ಕೂ ಅದೇ ಕಾರಣ ಇರಬಹುದು. ಮೂರು ತಿಂಗಳು ನೋಡುತ್ತಾರೆ. ಇಳಿಯದಿದ್ದರೆ ಸಣ್ಣ ನಳಿಕೆ ಹಾಕುತ್ತಾರಂತೆ. ವಾರಕ್ಕೊಮ್ಮೆ ಮಾತು ಕಲಿಸುವವರ ಹತ್ತಿರ ಹೋಗಬೇಕು.

ಹತ್ತಿರ ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಮಾತಾಡಿಸಿ ಅಂದಿದ್ದಾರೆ. ಅಂಗಡಿಯವರು ಡಬ್ಬಿ ವಾಪಸ್ ತಗೊಳ್ಳಲಿಲ್ಲ. ಇರಲಿ.

ರಾಯಚೂರು ಮೇಷ್ಟ್ರು

ಇಷ್ಟು ದಿನ ಬಿಡಿಎನ್‌ಎಫ್ ಬಗ್ಗೆ ಪುಟಗಟ್ಟಲೆ ಬರೆದೆ, ಕಿವಿ ಕೇಳುತ್ತಾ ಅಂತ ಕೇಳಿದ್ದು ನರ್ಸ್ ತಂಗಿ. ಅವರಿಗೆ ನನ್ನ ನಮಸ್ಕಾರ. ಸದ್ದು ಒಳಗೆ ಹೋದಾಗಲೇ ಆ ದಾರಿಯ ನರಕೋಶಗಳು ಕೆಲಸ ಮಾಡುವುದು, ಕೆಲಸ ಮಾಡಿದಾಗಲೇ ಅಲ್ಲಿ ಬಿಡಿಎನ್‌ಎಫ್ ಬರುವುದು. ಮೂರು ತಿಂಗಳ ಭೇಟಿಯನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ ತಂಗಿ. ಸಸಿ ಹಚ್ಚುವ ಹಂಗಾಮು ಬಂದರೂ.

ಸಿಂಧನೂರು ಅಂಗನವಾಡಿ ಅಕ್ಕ

ಸರ್, ಮುಂದಿನ ತಾಯಂದಿರ ಸಭೆಯಲ್ಲಿ ಓದಿ ಹೇಳಲು ಇದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಕೊಡುತ್ತೀರಾ? ಇಲಿ, ಬಾಗಿಲು ಇದ್ದರೂ ಪರವಾಗಿಲ್ಲ, ನಮ್ಮವರಿಗೆ ತಿಳಿಯುತ್ತದೆ. ಕಬ್ಬಿಣದ ಗುಳಿಗೆ, ಕಿವಿ ಪರೀಕ್ಷೆ ದೊಡ್ಡ ಅಕ್ಷರದಲ್ಲಿ ಇರಲಿ.

ರಾಯಚೂರು ಮೇಷ್ಟ್ರು

ಭಾನುವಾರದೊಳಗೆ ಇಲ್ಲೇ ಹಾಕುತ್ತೇನೆ ಅಕ್ಕಾ. ನರ್ಸ್ ತಂಗಿ ಒಮ್ಮೆ ನೋಡಿ ತಿದ್ದಲಿ.

ಲಿಂಗಸುಗೂರು ನರ್ಸ್

ಆಯ್ತು ಸರ್. ಲೋಬಾನದ ವಿಷಯ ಮರೆಯಬೇಡಿ.